ಜಿಪ್ಪಿನೊಳಗಿನ ಮೊಮ್ಮಗ

ಬೋರಮ್ಮನ ಮಗ ಓಬಳೇಶನ ಕತೆ ಹೇಳ್ತೀನಿ. ನಗೋರು ನಗಿ, ಅವನನ್ನ ಮಾತ್ರ ಬೈಬೇಡಿ. ಬೈಯೋಕೆ ಅವರಮ್ಮ ಇದ್ದಳು. ಆಳು ಎತ್ತಿನಂಥೋನು, ಮನಸ್ಸು ಬೆಣ್ಣೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ತೊಂದರೆ!

ಬೋರಮ್ಮನ ಮಗಳು ಪಾಲಮ್ಮ ದೂರದ ಸೂರತ್ತಿನಲ್ಲಿ ಹಡೆದು ಐದು ತಿಂಗಳಾಗಿತ್ತು. ಮಂಡಿನೋವಿನ ಬೋರಮ್ಮ ಅಷ್ಟು ದೂರ ಹೋಗೋ ಹಾಗಿಲ್ಲ, ಮನೇಲಿದ್ದ ಹಳೇ ಗುಂಡಿ ಫೋನಲ್ಲಿ ಫೋಟೋ ಬರೋಲ್ಲ, ಕೂಸಿನ ಮುಖ ಕಂಡಿಲ್ಲ. ಕೊನೆಗೆ ಮಗಳು ಕೂಸಿನ ಫೋಟೋಗಳನ್ನ ಪೆನ್ ಡ್ರೈವಿಗೆ ಹಾಕಿ, ಊರಿನ ಲಾರಿ ಡ್ರೈವರ್ ಕೈಲಿ ಕಳಿಸಿದಳು. ಬೋರಮ್ಮ ಅದನ್ನ ಮಗನ ಕೈಗೆ ಕೊಟ್ಟಳು.

"ಜೆರಾಕ್ಸ್ ಅಂಗಡಿ ಶಾಂತಕ್ಕನ ಹತ್ರ ಹೋಗಿ ಇದರಲ್ಲಿರೋ ಫೋಟೋ ಪ್ರಿಂಟ್ ಹಾಕಿಸ್ಕೊಂಡು ಬಾರೋ. ಕೂಸಿನ ಮುಖ ಕಂಡ್ರೆ ಸಾಕಪ್ಪ ನಂಗೆ!"

ಹೋದ. ಶಾಂತಕ್ಕ ಕಂಪ್ಯೂಟರಿಗೆ ಚುಚ್ಚಿ ನೋಡಿದಳು.

"ಇದು ಫೋಟೋ ಅಲ್ಲ ಕಣೋ. ಹೆಸರಿನ ಬಾಲ ನೋಡು, ಬಾಲ ನೋಡಿದ್ರೆ ಫೈಲಿನ ಜಾತಿ ಗೊತ್ತಾಗುತ್ತೆ. ಇದು ಜಿಪ್ಪು. ಫೋಟೋನೆಲ್ಲ ಒಟ್ಟಿಗೆ ತುಂಬಿ ಗಂಟು ಕಟ್ಟವ್ರೆ. ಮೊದಲು ಜಿಪ್ ಬಿಚ್ಚಬೇಕು."

ಓಬಳೇಶ ತನ್ನ ಪ್ಯಾಂಟಿಗೆ ಕೈ ಹಾಕಿದ.

"ಥೂ! ಆಚೆ ನಡಿ!"

"ಅಯ್ಯೋ ನನ್ನ ಹಣೆಬರಹವೇ!" ಅಂದಳು ಮನೆಯಲ್ಲಿ ವಿಷಯ ಕೇಳಿದ ಬೋರಮ್ಮ. "ನಿನ್ನ ಜಿಪ್ಪಲ್ಲವೋ! ದೊಡ್ಡೋರ ಮುಂದೆ ಕೈ ಕಟ್ಕೊಂಡು ನಿಲ್ಬೇಕು!"

"ಆಗಲವ್ವ."

ಮಾರನೇ ದಿನ ಪಕ್ಕದ ಮನೆಯವರ ಹತ್ರ ಹಗ್ಗದಲ್ಲಿ ಎರಡೂ ಕೈ ಕಟ್ಟಿಸಿಕೊಂಡು ಹೋಗಿ ನಿಂತ. ಪೆನ್ ಡ್ರೈವ್ ಅಂಗಿ ಜೇಬಲ್ಲಿ! ಪಾಪ ಶಾಂತಕ್ಕ, ಹಗ್ಗ ಬಿಚ್ಚಿದಳು, ಜಿಪ್ಪನ್ನೂ ಬಿಚ್ಚೋಕೆ ಹೋದಳು. ಅದು ಪಾಸ್‌ವರ್ಡ್ ಕೇಳಿತು.

"ಬೀಗ ಹಾಕವ್ರೆ ಕಣೋ. ನಿಮ್ಮಕ್ಕನಿಗೆ ಫೋನ್ ಮಾಡಿ ಗುಟ್ಟಿನ ಮಾತು ಕೇಳ್ಕೊಂಡು ಬಾ."

ಅಕ್ಕ ಫೋನಲ್ಲಿ ಗುಟ್ಟು ಹೇಳಿದಳು. ಕೊನೆಗೆ, "ಯಾರಿಗೂ ಹೇಳಬೇಡ ಮತ್ತೆ!" ಅಂದಳು. ಓಬಳೇಶ ಅಂಗಡಿಗೆ ಬಂದ.

"ಏನೋ ಗುಟ್ಟು?"

"ಹೇಳಲ್ಲ."

"ಹೇಳದಿದ್ರೆ ಫೋಟೋ ಇಲ್ಲ!"

"ಆದ್ರೂ ಹೇಳಲ್ಲ."

ಸುದ್ದಿ ಕೇಳಿ ಬೋರಮ್ಮ ತಲೆ ಚಚ್ಚಿಕೊಂಡಳು. "ಯಾರಿಗೂ ಅಂದ್ರೆ ಕಳ್ಳರಿಗೆ ಕಣೋ! ಶಾಂತಕ್ಕನಿಗೆ ಹೇಳ್ಬೇಕು!" ಇವನನ್ನ ನಂಬಿದ್ರೆ ಕೂಸಿಗೆ ಮದುವೆ ಆಗಿಹೋಗುತ್ತೆ ಅಂತ, ಕೋಲೂರಿಕೊಂಡು ತಾನೇ ಅಂಗಡಿಗೆ ಬಂದಳು.

"ಈಗ ಹೇಳೋ!"

"ಬೋರಮ್ಮ."

"ಹೆತ್ತೋಳನ್ನ ಹೆಸರು ಹಿಡಿದು ಕರೀತೀಯೇನೋ!"

"ಅದೇ ಕಣವ್ವ ಗುಟ್ಟು. ಅಕ್ಕ ನಿನ್ನ ಹೆಸರೇ ಇಟ್ಟವಳೆ."

ಬೋರಮ್ಮನಿಗೆ ಮಗಳ ಮೇಲೆ ಪ್ರೀತಿ ಉಕ್ಕಿ ಬಂತು.

ಶಾಂತಕ್ಕ ಹೆಸರು ಒತ್ತಿದಳು. ಗಂಟು ಬಿಚ್ಚಿಕೊಂಡಿತು. ಪರದೆ ತುಂಬ ಕೂಸು! ಹಲ್ಲಿಲ್ಲದ ಬಾಯಿ ಬಿಟ್ಟು ನಗ್ತಿದೆ.

"ಅಯ್ಯೋ ನನ್ನಪ್ಪ, ಎಷ್ಟು ಚೆಂದ ಇದೀಯೋ! ನನ್ನ ಕಣ್ಣೇ ಬಿದ್ದೀತು! ಯಾರಾದ್ರೂ ಒಂದು ದೃಷ್ಟಿಬೊಟ್ಟು ಇಡ್ರೋ!"

ಮೇಜಿನ ಮೇಲೆ ಸೀಲು ಒತ್ತೋ ಮಸಿ ಡಬ್ಬಿ ಇತ್ತು. ಓಬಳೇಶ ಬೆರಳು ಅದ್ದಿ, ಕೂಸಿನ ಕೆನ್ನೆಗೆ ಒತ್ತಿಯೇ ಬಿಟ್ಟ.

"ಅಯ್ಯಯ್ಯೋ, ನನ್ನ ಪರದೆ!" ಶಾಂತಕ್ಕ ಚೀರಿದಳು. "ಅಳಿಸೋ! ಈಗಲೇ ಅಳಿಸು!"

ಓಬಳೇಶ ಶಾಂತಕ್ಕನ ಮುಖ ನೋಡಿದ. ನಗೋ ಕೂಸನ್ನ ನೋಡಿದ. ತಲೆ ಅಲ್ಲಾಡಿಸಿದ.

"ಆಗಲ್ಲ ಶಾಂತಕ್ಕ. ನನ್ನ ಸೋದರಳಿಯ ಎಷ್ಟು ಚೆನ್ನಾಗಿ ನಗ್ತಾವ್ನೆ, ಅವನನ್ನ ಹೆಂಗೆ ಅಳಿಸ್ಲಿ? ಯಾರಾದ್ರೂ ಅಳಲೇಬೇಕು ಅಂದ್ರೆ ನಾನೇ ಅಳ್ತೀನಿ!" ಅಂದವನೇ ಅಂಗಡಿ ನಡುವೆ ಕೂತು ಹೋ ಅಂತ ಅತ್ತ.