ಕಾಡುಹಂದಿಯ ಮಾಂಸ ಬೇಗ ಬೇಯೋದಿಲ್ಲ ಯಾಕೆ

ಭೂಮಿ ಇನ್ನೂ ಹಸಿಹಸಿಯಾಗಿತ್ತು, ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಆಗ ಮನುಷ್ಯರು ಬೆಟ್ಟದ ಜೊತೆ ಮಾತಾಡುತ್ತಿದ್ದರು, ಬೆಂಕಿ ಒಲೆಯೊಳಗಿಂದ ಉತ್ತರ ಕೊಡುತ್ತಿತ್ತು. ಈಗಲೂ ಕೊಡುತ್ತೆ. ಕೇಳೋ ತಾಳ್ಮೆ ಯಾರಿಗಿದೆ ಹೇಳು ಮಗಾ?

ಆ ಕಾಲದಲ್ಲಿ ಕಾಡುಹಂದಿಯ ಮಾಂಸ ಸೊಪ್ಪಿನ ಹಾಗೆ ಬೇಯುತ್ತಿತ್ತು. ಒಂದು ಕುದಿ ಬಂದರೆ ಸಾಕು, ಇಳಿಸಿ ತಿನ್ನೋದು. ತಿಂದು ಮುಗಿದರೆ ಮತ್ತೆ ಬೇಟೆ.

ಬೆಟ್ಟದ ತಪ್ಪಲಲ್ಲಿ ಜಡೆಯ ಅಂತ ಒಬ್ಬ ಬೇಟೆಗಾರ. ಅವನ ಹೆಂಡತಿ ಕೇತವ್ವ, ಮೊಲೆ ಕುಡಿಯೋ ಕೂಸಿನ ತಾಯಿ. ಜಡೆಯ ಕೆಟ್ಟವನಲ್ಲ. ತಂದದ್ದನ್ನು ಹಾಡಿಯ ಮನೆಮನೆಗೂ ಪಾಲು ಹಾಕುತ್ತಿದ್ದ, ಬೇಟೆಯನ್ನು ಅಟ್ಟಿಸಿಕೊಂಡು ಹೋದ ನಾಯಿಗೂ ಒಂದು ಪಾಲು ಇಡುತ್ತಿದ್ದ. ಆದರೆ ಆತುರಗಾರ. ಪೊದೆ ಅಲುಗಿತೋ, ಬಾಣ ಬಿಟ್ಟ.

ಒಂದು ದಿನ ಹಂದಿ ಹೊತ್ತು ತಂದ. ಕೊಯ್ದು, ಬೇಯಿಸಿ, ಪಾಲು ಹಾಕಿ, ಉಂಡು ಕೈ ತೊಳೆದರೂ ಮರದ ನೆರಳು ಸರಿದಿರಲಿಲ್ಲ. ಅದು ಗಂಡೋ ಹೆಣ್ಣೋ ಅಂತ ಕೂಡ ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮೈಮೇಲೆ ಪಟ್ಟೆ ಇದ್ದ ಮರಿಗಳು ವಾಸನೆ ಹಿಡಿದು ಬಂದು ಒಲೆ ಮುಂದೆ ನಿಂತವು.

"ನಮ್ಮವ್ವ ಇಲ್ಲಿಗೆ ಬಂದಳು. ಎಲ್ಲಿದ್ದಾಳೆ?"

ಕೇತವ್ವ ಮರಿಗಳನ್ನು ಹತ್ತಿರ ಕರೆದಳು. ಗಂಜಿ ಇಟ್ಟಳು, ಮುಟ್ಟಲಿಲ್ಲ. ಜೇನು ಬೆರೆಸಿ ಇಟ್ಟಳು, ಮುಟ್ಟಲಿಲ್ಲ. ತನ್ನ ಎದೆಹಾಲನ್ನೇ ಹಿಂಡಿ ಇಟ್ಟಳು. ಅದು ಬೇರೆ ತಾಯಿಯ ಹಾಲು, ಅವು ಒಲ್ಲೆ ಅಂದವು. ಸಂಜೆಗೆ ಎಲ್ಲಕ್ಕಿಂತ ಚಿಕ್ಕದು ಅವಳ ಮಡಿಲಲ್ಲೇ ಕಣ್ಣು ಮುಚ್ಚಿತು. ಉಳಿದವು ಕಾಡಿಗೆ ಹೋದವು, ಏನಾದವೋ ಗೊತ್ತಿಲ್ಲ.

ಸತ್ತ ಮರಿಯನ್ನು ಸೆರಗಲ್ಲಿ ಸುತ್ತಿಕೊಂಡು ಅವಳು ಬೆಟ್ಟ ಹತ್ತಿದಳು.

"ಬೆಟ್ಟವ್ವಾ, ಹಾಲೂಡೋ ತಾಯಿಯನ್ನು ತಿಂದುಬಿಟ್ವಿ. ಗೊತ್ತೇ ಆಗಲಿಲ್ಲ."

ಬೆಟ್ಟ ಸೆರಗೊಳಗಿನ ಮರಿಯನ್ನು ನೋಡಿತು. "ಹೇಗೆ ಗೊತ್ತಾಗುತ್ತೆ ಮಗಳೇ? ಮರಿ ಕಟ್ಟಿಕೊಂಡು ನನ್ನ ಮೈಮೇಲೆಲ್ಲ ಓಡಾಡಿದವಳನ್ನು ಒಂದು ಕುದಿಗೆ ಮರೆತುಬಿಟ್ಟಿರಿ."

"ಇನ್ನು ಹಾಗಾಗದ ಹಾಗೆ ಮಾಡು."

"ಮಾಡ್ತೀನಿ. ಇನ್ಮೇಲೆ ಕಾಡಿನ ಪ್ರಾಣಿ ನಡೆದ ನಡಿಗೆಯೆಲ್ಲ ಅದರ ಮಾಂಸದಲ್ಲೇ ಉಳಿಯುತ್ತೆ. ಹತ್ತಿದ ಏರು, ದಾಟಿದ ಹಳ್ಳ, ಎಲ್ಲ. ಬೆಂಕಿ ಅದನ್ನು ಒಂದೊಂದಾಗಿ ನಡೆದು ಮುಗಿಸಬೇಕು."

"ಮಕ್ಕಳು ಹಸಿದು ಕೂರ್ತಾವೆ, ಅವ್ವಾ."

"ಕೂರಲಿ. ಹಸಿದು ಕೂತವರು ಮಡಕೆಯಲ್ಲಿರೋದು ಯಾರು ಅಂತ ಕೇಳೇ ಕೇಳ್ತಾರೆ."

ಜಡೆಯ ಮತ್ತೊಂದು ಹಂದಿ ತಂದ. ಕುದಿ ಬಂತು, ಮಾಂಸ ಬೇಯಲಿಲ್ಲ. ಸೌದೆ ತುರುಕಿದ. ತಳ ಸೀದಿತು, ಮೇಲಿನದು ತೊಗಲಿನ ಹಾಗೇ ಇತ್ತು. ಬೆಂಕಿಯನ್ನು ಬೈದ.

"ನನ್ನ ಮೇಲೆ ಯಾಕಪ್ಪಾ ಸಿಟ್ಟು?" ಅಂತು ಬೆಂಕಿ. "ನಾನಿನ್ನೂ ಮೊದಲನೇ ಏರು ಹತ್ತುತಾ ಇದ್ದೀನಿ."

ಕೇತವ್ವ ಸೌದೆ ಹೊರಗೆಳೆದಳು. ಸೀಯದ ತುಂಡುಗಳನ್ನು ಬೇರೆ ಮಡಕೆಗೆ ಹಾಕಿ, ಕಾಳುಮೆಣಸು, ಹುಳಿ ಸೇರಿಸಿ, ಮುಚ್ಚಿ, ಬರೀ ಕೆಂಡದ ಮೇಲಿಟ್ಟು ಕೂತಳು. ಹಸಿವಾಗಿದ್ದರಿಂದ ಜಡೆಯನೂ ಕೂತ. ಕೂತರು, ಕೂತರು, ಕೂತೇ ಇದ್ದರು. ಕೂಸು ಹಾಲು ಕುಡಿದು ಮಲಗಿತು.

"ಇದಕ್ಕೆ ಮರಿ ಇತ್ತಾ?" ಕೇತವ್ವ ಕೇಳಿದಳು.

ಜಡೆಯ ತಲೆ ಎತ್ತಲಿಲ್ಲ. "ನೋಡಲಿಲ್ಲ" ಅಂದ. ಕೊನೆಗೆ ಮಾಂಸ ಬೆಣ್ಣೆಯಾಗಿ ಬೆಂದಿತ್ತು, ಅವನು ಮಾತ್ರ ತನ್ನ ಪಾಲನ್ನೂ ನಾಯಿಗೇ ಇಟ್ಟ.

ಮುಂದಿನ ಸಲ ಪೊದೆ ಅಲುಗಿದಾಗ ಅವನು ಬಾಣ ಹೂಡಿ ಕಾದ. ಹೆಣ್ಣುಹಂದಿ ಹೊರಬಂತು. ಜೋತ ಮೊಲೆಗಳ ತುಂಬ ಹಾಲು. ಬಿಲ್ಲು ಇಳಿಸಿ, ಬರಿಗೈಲಿ ಮನೆಗೆ ಬಂದ.

"ಹಾಲಿತ್ತು" ಅಂದ.

"ಬಾ, ಕೂತ್ಕೋ. ಗೆಣಸು ಸುಟ್ಟಿದ್ದೀನಿ" ಅಂದಳು ಕೇತವ್ವ. ಅವಳ ಕಣ್ಣು ತುಂಬಿತ್ತು.

ಅದಕ್ಕೇ ಮಗಾ, ಮನೆಯಲ್ಲಿ ಸಾಕಿದ್ದು ಬೇಗ ಬೇಯುತ್ತೆ, ಕಾಡಲ್ಲಿ ನಡೆದದ್ದು ನಿಧಾನಕ್ಕೆ ಬೇಯುತ್ತೆ; ನಮ್ಮ ಮಡಕೆಯಲ್ಲಿರೋದು ಇನ್ನೂ ಬೆಟ್ಟ ಇಳೀತಾ ಇದೆ, ಅದು ಬರೋವರೆಗೂ ನಾವು ಕಾಯಬೇಕು.