ಚಳಿಕೋಣೆಯ ಸನ್ಮಾನ

ಶಿಷ್ಯ ಮರುಳಸಿದ್ಧ ಕೇಳಿದ: "ಬುದ್ಧಿ, ನಮ್ಮ ಪಾಠಶಾಲೆ ಕಟ್ಟಿಸಿಕೊಟ್ಟ ಧಣಿಗಳು ನಾಳೆ ಬರುತ್ತಾರೆ. ತಾವು ಬರುವವರೆಗೆ ಬೆಳಗಿನ ಪಾಠ ಶುರುಮಾಡಬೇಡಿ ಎಂದು ಹೇಳಿ ಕಳಿಸಿದ್ದರು. ನೀವು ಆಗದು ಎಂದಿರಿ. ಇದು ಅಹಂಕಾರವಲ್ಲವೇ? ಅವರು ಮುನಿಸಿಕೊಂಡರೆ ನಮ್ಮ ಗತಿ ಏನು?"

ಅವರಿನ್ನೂ ಮುನಿಸಿಕೊಂಡೇ ಇಲ್ಲ, ನೀನಾಗಲೇ ಬೆವರುತ್ತಿದ್ದೀಯಲ್ಲ, ಕೂತುಕೋ ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಸಾಹುಕಾರನಿದ್ದ. ಹರೆಯದಲ್ಲಿ ಒಂದೇ ಒಂದು ಸಿನಿಮಾ ತೆಗೆದಿದ್ದ. ಅದರಲ್ಲಿ ಅವನ ಹೆಂಡತಿಯೇ ನಾಯಕಿ. ಆಮೇಲೆ ಆಕೆ ತೀರಿಕೊಂಡಳು. ಟಾಕೀಸುಗಳಿಗೆ ಹೋದ ರೀಲುಗಳೆಲ್ಲ ಸೆಕೆಗೆ ಕೆಟ್ಟು, ಹುಳಿ ವಾಸನೆ ಹಿಡಿದು, ಸುರುಟಿಕೊಂಡವು. ಒಂದೇ ಒಂದು ಪ್ರಿಂಟು ಉಳಿಯಿತು. ಅದನ್ನಾದರೂ ಕಾಪಾಡಿಕೊಳ್ಳಬೇಕೆಂದು ಸಾಹುಕಾರ ಒಂದು ಭಂಡಾರ ಕಟ್ಟಿಸಿದ. ಹಗಲೂ ರಾತ್ರಿ ತಣ್ಣನೆಯ ಒಣ ಗಾಳಿ ಬೀಸುವ ಯಂತ್ರ ಇಡಿಸಿದ. ನೋಡಿಕೊಳ್ಳಲು ಕೆಲಸ ಬಲ್ಲ ಒಬ್ಬಾಕೆಯನ್ನು ನೇಮಿಸಿದ. ಬೇರೆಯವರ ಹಳೆಯ ಸಿನಿಮಾಗಳೂ ಅಲ್ಲಿಗೆ ಬಂದು ಸೇರಿದವು.

ಭಂಡಾರಕ್ಕೆ ವರ್ಷ ತುಂಬಿದಾಗ ಊರಿನವರು ಸಾಹುಕಾರನಿಗೆ ಸನ್ಮಾನ ಇಟ್ಟುಕೊಂಡರು. ಹೆಂಡತಿಯ ಸಿನಿಮಾ ಇರುವ ಕೋಣೆಯಲ್ಲೇ ಅದು ನಡೆಯಲಿ ಎಂದು ಅವನ ಆಸೆ. ಪುಣ್ಯಾತ್ಮ ತೆಳ್ಳನೆಯ ಜುಬ್ಬಾ ತೊಟ್ಟು ಬಂದ. ಒಳಗೆ ಕಾಲಿಟ್ಟದ್ದೇ ತಡ, ಹಲ್ಲು ಕಟಕಟ ಎನ್ನತೊಡಗಿತು. ಊರಿನವರು ಕೈಕೈ ಹಿಸುಕಿಕೊಂಡರು. ಬಂದವರಿಗೆ ಸೆಕೆಯಾದರೆ ಫ್ಯಾನು ಹಾಕುತ್ತೇವೆ, ಚಳಿಯಾದರೆ ಕಿಟಕಿ ಮುಚ್ಚುತ್ತೇವೆ. ಆ ಯಂತ್ರ ನಿಲ್ಲಿಸುವುದೂ ಅವರಿಗೆ ಹಾಗೆಯೇ ಕಂಡಿತು. ಸನ್ಮಾನ ಮುಗಿಯುವ ತನಕ ನಿಲ್ಲಿಸಮ್ಮ ಎಂದು ಭಂಡಾರ ನೋಡಿಕೊಳ್ಳುವಾಕೆಗೆ ಹೇಳಿದರು. ಆಕೆ ಒಪ್ಪಲಿಲ್ಲ. ಒಳಗೆ ತೇವ ಬರಬಾರದೆಂದು ನೀರು ಚಿಮುಕಿಸಿದ್ದ ಹೂವಿನ ಹಾರವನ್ನೂ ಬಾಗಿಲಲ್ಲೇ ತೆಗೆಸಿದ್ದಳು. ಅದರ ಮೇಲೆ ಇದು. ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು.

"ಇದು ಯಾರು ಕಟ್ಟಿಸಿದ ಕೋಣೆ, ಗೊತ್ತೇನಮ್ಮ? ನಾಳೆಯಿಂದ ನಿನಗೆ ಕೆಲಸ ಇರಬೇಕೋ ಬೇಡವೋ?"

"ನೀವೇ ಕಟ್ಟಿಸಿದ್ದು, ಸಾಹುಕಾರ್ರೇ. ಬೇಕಾದರೆ ಕೆಲಸದಿಂದ ತೆಗೆಯಿರಿ. ಆದರೆ ಯಂತ್ರ ನಿಂತರೆ ಇಷ್ಟು ಜನರ ಉಸಿರಿಗೆ ಈ ತಣ್ಣನೆಯ ಡಬ್ಬಿಗಳ ಮೇಲೆ ನೀರು ಕೂತು ಒಳಗಿನ ರೀಲು ಕೆಡುತ್ತದೆ. ನಿಮಗೆ ಚಳಿಯಾದರೆ ಹೊದೆಯಲು ಶಾಲು ಇದೆ. ಡಬ್ಬಿಯೊಳಗಿರುವ ಅಮ್ಮನವರಿಗೆ ಈ ಚಳಿ ಬಿಟ್ಟರೆ ಬೇರೆ ಏನಿದೆ?"

ಸಾಹುಕಾರ ಹೆಂಡತಿಯ ಸಿನಿಮಾದ ಡಬ್ಬಿಯನ್ನೇ ನೋಡುತ್ತ ನಿಂತ. ಅವನ ಕಣ್ಣು ತುಂಬಿತು. ಆಮೇಲೆ ಸನ್ಮಾನದ ಶಾಲನ್ನು ತಾನೇ ಕೇಳಿ ಇಸಿದುಕೊಂಡು, ಕಿವಿ ಮುಚ್ಚುವಂತೆ ಹೊದ್ದುಕೊಂಡು, ನಡುಗುತ್ತಲೇ ಭಾಷಣ ಮಾಡಿ ಮುಗಿಸಿದ. ಹೊರಗೆ ಬಂದವನು ಮೂಗು ಒರೆಸಿಕೊಳ್ಳುತ್ತ ಎದುರು ಸಿಕ್ಕವರಿಗೆಲ್ಲ ಹೇಳಿದ: "ನಾನು ಕಟ್ಟಿಸಿದ ಭಂಡಾರ ನೋಡಿದಿರಾ? ನನ್ನ ಮಾತನ್ನೂ ಕೇಳುವುದಿಲ್ಲ!" ಹಾರ ಹಾಕಿಸಿಕೊಂಡ ಯಾವ ಊರಿನಲ್ಲೂ ಅವನಿಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಕತೆ ಮುಗಿಯಿತು. ಹಾಗಾದರೆ ನಾಳೆ ಧಣಿಗಳು ಬಂದಾಗ ಏನು ಮಾಡಲಿ ಎಂದು ಮರುಳಸಿದ್ಧ ಮೆಲ್ಲನೆ ಕೇಳಿದ.

ಗುರುಗಳು ಎಂದರು: "ಪಾಠ ನಡೆಯುತ್ತಿರುತ್ತದೆ, ಹುಡುಗರ ಸಾಲಿನಲ್ಲೇ ಒಂದು ಚಾಪೆ ಹಾಸಿಡು, ಅವರ ಹೆಮ್ಮೆಗೆ ನಾವು ಅಡ್ಡ ಬರುವುದು ಬೇಡ."