ಗೋಡೆಯ ಎತ್ತರ

ಎರಡನೆಯ ಮಹಾಯುದ್ಧ ಶುರುವಾಗಿ ಎಂಟನೆಯ ತಿಂಗಳು ನಡೆಯುತ್ತಿತ್ತು. ಮಠದಲ್ಲಿ ಪತ್ರಿಕೆ ಓದಿ ಮುಗಿಸಿದ ಶಿಷ್ಯ ಚನ್ನವೀರ, ಗುರುಗಳ ಬಳಿ ಬಂದು ಕೇಳಿದ:

"ಗುರುಗಳೇ, ಒಂದು ದೇಶ ಗಡಿಯಲ್ಲಿ ಕಾಂಕ್ರೀಟಿನ ಕೋಟೆ ಕಟ್ಟಿದೆ. ಇನ್ನೊಂದು ದೇಶ ಶತ್ರು ಬಂದರೆ ತನ್ನ ನೆಲಕ್ಕೆ ತಾನೇ ನೀರು ನುಗ್ಗಿಸಲು ಸಿದ್ಧವಾಗಿದೆ. ಮತ್ತೊಂದಕ್ಕೆ ಸುತ್ತಲೂ ಸಮುದ್ರ. ಎಲ್ಲವನ್ನೂ ಹೋಲಿಸಿ ನೋಡಿದೆ. ಯಾವುದು ಗಟ್ಟಿ ಎಂದು ತಿಳಿಯಲಿಲ್ಲ."

ಗುರುಗಳು ಹೇಳಿದರು:

ಒಂದು ಊರು. ಕುದುರೆಯ ದಂಡೊಂದು ದಾರಿಯ ಹಳ್ಳಿಗಳನ್ನು ಸುಡುತ್ತ ಬರುತ್ತಿದೆ ಎಂಬ ಸುದ್ದಿ ಬಂತು. ಊರಿನವರು ಸುತ್ತ ಗೋಡೆ ಕಟ್ಟಲು ನಿಂತರು. ಅಲ್ಲಿ ಒಂದು ಪದ್ಧತಿ ಇತ್ತು. ಅವರವರ ಹಿತ್ತಿಲ ಹಿಂದಿನ ಗೋಡೆಯನ್ನು ಅವರವರೇ ಕಟ್ಟಬೇಕು. ಒಬ್ಬರ ಪಾಲಿನ ಗೋಡೆಗೆ ಇನ್ನೊಬ್ಬರು ಕಲ್ಲಿಟ್ಟರೆ ಆ ಮನೆಗೆ ಅವಮಾನ.

ಒಬ್ಬ ವ್ಯಾಪಾರಿ ತನ್ನ ಪಾಲನ್ನು ಒಂಬತ್ತು ಮೊಳ ಎಬ್ಬಿಸಿದ. ಪಕ್ಕದ ಮನೆಯಲ್ಲಿ ನೂಲು ತೆಗೆದು ಬದುಕುವ ಒಬ್ಬ ವಿಧವೆ ಇದ್ದಳು. ಅವಳ ಗೋಡೆ ಸೊಂಟದವರೆಗೂ ಏರಲಿಲ್ಲ.

ವ್ಯಾಪಾರಿ ತನ್ನ ಗೋಡೆಯ ಮೇಲಿಂದ ಬಗ್ಗಿ ನೋಡಿ ನಕ್ಕ. "ಏನು ತಂಗೀ, ಗೋಡೆ ಕಟ್ಟಿದ್ದೀಯೋ, ಕೂತು ಹರಟಲು ಕಟ್ಟೆ ಕಟ್ಟಿದ್ದೀಯೋ?"

ಅವಳು ಕಲ್ಲು ಜೋಡಿಸುತ್ತಲೇ ಅಂದಳು: "ನನ್ನ ಮನೆಯಲ್ಲಿ ದೋಚಲು ಏನಿದೆ ಅಣ್ಣಾ? ಇಲ್ಲಿ ಹಾರಿದವರು ನೆಟ್ಟಗೆ ನಿಮ್ಮ ಮನೆಗೇ ಬರುತ್ತಾರೆ."

ವ್ಯಾಪಾರಿಯ ನಗು ನಿಂತಿತು. ಎರಡೂ ಗೋಡೆಗಳನ್ನು ಕಣ್ಣಲ್ಲೇ ಅಳೆದ. ಹೊಸ ಕಲ್ಲು ತರಿಸಲು ಸಮಯವಿರಲಿಲ್ಲ. ತನ್ನ ಗೋಡೆಯ ತುದಿಯ ಕಲ್ಲೊಂದನ್ನು ಕಿತ್ತು ಹೆಗಲ ಮೇಲೆ ಹೊತ್ತು ಕೆಳಗಿಳಿದು ಬಂದ.

"ತಂಗೀ, ನಿನ್ನ ಗೋಡೆಯ ಮೇಲೆ ಇದನ್ನು ಇಡಲೇ?"

"ಇಡಿ ಅಣ್ಣಾ. ಅಲುಗದ ಹಾಗೆ ಇಡಿ."

ಅದನ್ನು ಕಂಡ ಉಳಿದವರೂ ಮನಸ್ಸು ಮಾಡಿದರು. ಎತ್ತರದ ಗೋಡೆಗಳ ಕಲ್ಲು ಇಳಿಯಿತು, ತಗ್ಗಿನ ಗೋಡೆಗಳಿಗೆ ಏರಿತು. ಯಾರಿಗೂ ಅವಮಾನವಾಗಲಿಲ್ಲ.

ದಂಡು ಬಂತು. ಕುದುರೆ ಹಾರುವಷ್ಟು ತಗ್ಗು ಎಲ್ಲಾದರೂ ಇದೆಯೇ ಎಂದು ಊರನ್ನು ಒಂದು ಸುತ್ತು ಹಾಕಿತು. ಸಿಗಲಿಲ್ಲ. ನೀರೂ ಮೇವೂ ಗೋಡೆಯ ಒಳಗಿದ್ದವು. ಹೊತ್ತು ಇಳಿಯುವ ಮೊದಲೇ ದಂಡು ಬೇರೆ ದಾರಿ ಹಿಡಿಯಿತು. ಧೂಳು ಕಣ್ಮರೆಯಾದ ಮೇಲೆ ವ್ಯಾಪಾರಿ ವಿಧವೆಯ ಹಿತ್ತಿಲಲ್ಲೇ ಕುಳಿತ. ಮಜ್ಜಿಗೆ ಕೇಳಿ ಕುಡಿದ. ಆ ಸಂಜೆ ಎಲ್ಲ ಮನೆಗಳಲ್ಲೂ ಒಲೆ ಉರಿಯಿತು.

ಚನ್ನವೀರ "ಊರು ಉಳಿಯಿತಲ್ಲ, ಸದ್ಯ!" ಎಂದ. ಆದರೂ ಅವನ ಹೋಲಿಕೆ ಇನ್ನೂ ಮುಗಿದಿರಲಿಲ್ಲ. "ಗುರುಗಳೇ, ಹಾಗಾದರೆ ಆ ಊರಿನ ಗೋಡೆ ಎಷ್ಟು ಎತ್ತರ ಎಂದು ಹಿಡಿಯಬೇಕು? ಒಂಬತ್ತು ಮೊಳವೇ?"

ಗುರುಗಳು ಹೇಳಿದರು: "ವ್ಯಾಪಾರಿ ನಕ್ಕ ದಿನ ಒಂದೂವರೆ ಮೊಳ, ದಂಡು ಬಂದ ದಿನ ಐದು."